ಬಿಸಿಯಾದಾಗ ಕೈಕೊಡುವ ಕಿಡಿ

ಹಳೆಯ ಬುಲೆಟ್ ಅಥವಾ ಯೆಜ್ಡಿ ನಮ್ಮ ಗದಗಿನ ಗ್ಯಾರೇಜಿಗೆ ಬರುವಾಗ ಬಹಳ ಸಲ ಚೆನ್ನಾಗಿಯೇ ಓಡಿಕೊಂಡು ಬರುತ್ತದೆ. ಒಂದೇ ಕಿಕ್‌ಗೆ ಶುರುವಾಗುತ್ತದೆ, ಐಡ್ಲಿಂಗ್‌ನಲ್ಲಿ ನಿಲ್ಲುತ್ತದೆ, ಬೆಟಗೇರಿಯವರೆಗೆ ಒಂದು ಸುತ್ತು ಹಾಕಿ ಬಂದರೂ ತಕರಾರು ತೆಗೆಯುವುದಿಲ್ಲ. ಮಾಲೀಕರು ಹೇಳುವುದು ಮಾತ್ರ ಬೇರೆ. ಊರು ಬಿಟ್ಟು ಇಪ್ಪತ್ತು ಮೂವತ್ತು ಕಿಲೋಮೀಟರ್ ಹೋದ ಮೇಲೆ ಗಾಡಿ ಮಿಸ್ ಹೊಡೆಯುತ್ತದೆ, ಆಮೇಲೆ ಬಂದ್ ಬೀಳುತ್ತದೆ. ಅರ್ಧ ತಾಸು ನೆರಳಿನಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಜ್ವರ ಇಳಿದ ಮೇಲೆ ರೋಗಿಯನ್ನು ವೈದ್ಯರ ಮುಂದೆ ಕೂರಿಸಿದ ಹಾಗೆ, ನಮ್ಮ ಮುಂದೆ ನಿಂತ ಗಾಡಿಯಲ್ಲಿ ದೋಷವೇ ಇರುವುದಿಲ್ಲ.

ಪೂರ್ತಿ ಸತ್ತ ಗಾಡಿಯನ್ನು ಎಬ್ಬಿಸುವುದು ಇದಕ್ಕಿಂತ ಎಷ್ಟೋ ಸುಲಭ. ಕರೆಂಟ್ ಬ್ಯಾಟರಿಯಿಂದ ಹೊರಟು ಎಲ್ಲಿಯವರೆಗೆ ಬಂದಿದೆ ಎಂದು ಟೆಸ್ಟ್ ಲ್ಯಾಂಪ್ ಹಿಡಿದು ನೋಡುತ್ತ ಹೋದರೆ ಕಡಿದ ಜಾಗ ಸಿಕ್ಕೇ ಸಿಗುತ್ತದೆ. ಬಿಸಿಯಾದಾಗ ಮಾತ್ರ ಕಾಣಿಸಿಕೊಳ್ಳುವ ದೋಷ ಹಾಗಲ್ಲ. ಈ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಅದೇ.

ಲಕ್ಕುಂಡಿ ಕಡೆಯ ರೈತರೊಬ್ಬರ ಬುಲೆಟ್‌ನಿಂದ ಶುರು ಮಾಡುತ್ತೇನೆ. ಅವರ ತಂದೆ ಕೊಂಡ ಗಾಡಿ, 12 ವೋಲ್ಟ್‌ನದು, ಪಾಯಿಂಟ್ (ಎಂಜಿನ್ ತಿರುಗಿದಂತೆ ಮುಚ್ಚಿ ತೆರೆದು ಕರೆಂಟ್ ಕಡಿಯುವ ಸಣ್ಣ ಸ್ವಿಚ್) ಇರುವ ಹಳೆಯ ಮಾದರಿ. ಹುಬ್ಬಳ್ಳಿಗೆ ಹೊರಟಾಗಲೆಲ್ಲ ಅಣ್ಣಿಗೇರಿಯ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ನಮ್ಮಲ್ಲಿಗೆ ಬರುವ ಮೊದಲೇ ಬೇರೆ ಕಡೆ ಪ್ಲಗ್ ಬದಲಾಗಿತ್ತು, ಕಾರ್ಬೊರೇಟರ್ ತೊಳೆದಿದ್ದರು, ಕೊನೆಗೆ ಕಿಡಿಗೆ ಬೇಕಾದ ವೋಲ್ಟ್ ಹುಟ್ಟಿಸುವ ಕಾಯಿಲ್ ಕೂಡ ಹೊಸದು ಹಾಕಿದ್ದರು.

'ಕಾಕಾ, ಕಾಯಿಲ್ ಹಾಕಿದ ಮೇಲೆ ಸರಿಯಾಗಿತ್ತೇ?' ಎಂದು ಕೇಳಿದೆ.

'ಅಲ್ಲೇ ಒಂದೇ ಕಿಕ್‌ಗೆ ಎದ್ದಿತು ನೋಡಪ್ಪಾ. ಸರಿಯಾಯಿತು ಎಂದುಕೊಂಡು ರೊಕ್ಕ ಕೊಟ್ಟು ಬಂದೆ. ಮರುವಾರ ಅದೇ ಜಾಗದಲ್ಲಿ ನಿಂತಿತು.'

ಇಡೀ ಪಾಠ ಈ ಮಾತಿನಲ್ಲೇ ಇದೆ. ಬುಲೆಟ್‌ನ ಕಾಯಿಲ್ ಬದಲಿಸಬೇಕೆಂದರೆ ಪಾನಾ ಹುಡುಕಬೇಕು, ವೈರ್ ಬಿಚ್ಚಬೇಕು, ಹೊಸದನ್ನು ಕೂರಿಸಬೇಕು. ಅಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತದೆ. ತಣ್ಣಗಾದದ್ದಕ್ಕೇ ಗಾಡಿ ಎದ್ದರೂ ಹೆಸರು ಹೊಸ ಕಾಯಿಲ್‌ಗೆ ಬರುತ್ತದೆ. ಕಾರ್ಬೊರೇಟರ್ ತೊಳೆದಾಗಲೂ ಹೀಗೆಯೇ ಆಗಿತ್ತು, ಪ್ಲಗ್ ಬದಲಿಸಿದಾಗಲೂ. ಹಾಗೆ ಕೆಲಸ ಮಾಡಿದವರನ್ನು ನಾನು ದೂರುವುದಿಲ್ಲ. ಅವರ ಕಣ್ಣೆದುರು ಗಾಡಿ ನಿಜವಾಗಿಯೂ ಎದ್ದಿತ್ತು. ಆದರೆ ಬಿಸಿಯಿಂದ ಬರುವ ದೋಷಕ್ಕೆ ತಣ್ಣನೆಯ ಎಂಜಿನ್ ಮೇಲೆ ಪರೀಕ್ಷೆ ಮಾಡಿದರೆ ಪ್ರತಿ ಬಿಡಿಭಾಗವೂ ಪಾಸಾಗುತ್ತದೆ, ಪ್ರತಿ ರಿಪೇರಿಯೂ ಗೆಲ್ಲುತ್ತದೆ. ಬಿಲ್ ಬೆಳೆಯುತ್ತದೆ, ದೋಷ ಅಲ್ಲೇ ಉಳಿಯುತ್ತದೆ.

ಮುಂದಿನದು ಅರ್ಥವಾಗಲು ಪಾಯಿಂಟ್ ಇಗ್ನಿಷನ್, ಅಂದರೆ ಕಿಡಿ ಹಾರಿಸುವ ಏರ್ಪಾಡು, ಹೇಗೆ ಕೆಲಸ ಮಾಡುತ್ತದೆಂದು ಸ್ವಲ್ಪ ಹೇಳಬೇಕು. ಪಾಯಿಂಟ್ ಮುಚ್ಚಿದ್ದಾಗ ಬ್ಯಾಟರಿಯ ಕರೆಂಟ್ ಕಾಯಿಲ್‌ನ ದಪ್ಪ ತಂತಿಯ ಸುತ್ತಿನಲ್ಲಿ ಹರಿಯುತ್ತದೆ. ಪಾಯಿಂಟ್ ತೆರೆದ ಕೂಡಲೇ ಆ ಹರಿವು ಕಡಿಯುತ್ತದೆ, ಕಾಯಿಲ್‌ನಲ್ಲಿ ಕಟ್ಟಿಕೊಂಡಿದ್ದ ಕಾಂತಕ್ಷೇತ್ರ ಕುಸಿಯುತ್ತದೆ, ತೆಳು ತಂತಿಯ ಸುತ್ತುಗಳಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನ ತುದಿಯಲ್ಲಿ ಕಿಡಿ ಹಾರುತ್ತದೆ. ಕುಸಿತ ಎಷ್ಟು ಚುರುಕೋ ಕಿಡಿ ಅಷ್ಟು ಬಲ. ಪಾಯಿಂಟ್ ತೆರೆಯುವ ಹೊತ್ತಿನಲ್ಲಿ ದಪ್ಪ ತಂತಿಯ ಕಡೆಯಲ್ಲೂ 200–300 ವೋಲ್ಟ್ ಏಳುತ್ತದೆ. ಅದನ್ನು ಹೀರಿಕೊಳ್ಳಲು ಪಾಯಿಂಟ್‌ಗೆ ಜೋಡಿಯಾಗಿ ಕಂಡೆನ್ಸರ್ ಇದೆ. ಅದು ಕೈಕೊಟ್ಟರೆ ಕರೆಂಟ್ ಪಾಯಿಂಟ್‌ನ ಸಂದಿಯನ್ನೇ ಹಾರಿ ದಾಟುತ್ತದೆ. ಪ್ಲಗ್‌ಗೆ ಹೋಗಬೇಕಾದ ಶಕ್ತಿ ಪಾಯಿಂಟ್‌ನ ಮುಖದಲ್ಲೇ ಉರಿದುಹೋಗುತ್ತದೆ. ಹೆಬ್ಬೆರಳಿನ ಗಾತ್ರದ ಈ ಡಬ್ಬಿಯೊಳಗೆ ತೆಳು ಲೋಹದ ಹಾಳೆಗಳನ್ನೂ ಅವುಗಳ ನಡುವೆ ಕರೆಂಟ್ ದಾಟದ ಪದರಗಳನ್ನೂ ಸುತ್ತಿಟ್ಟಿರುತ್ತಾರೆ. ಹಳತಾದಾಗ ಶಾಖಕ್ಕೆ ಆ ಪದರ ಸೋರಲು ಶುರುವಾಗುತ್ತದೆ, ಇಲ್ಲವೇ ಒಳಗಿನ ಬೆಸುಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿ.

ಹೀಗಾಗಿ ಆ ಬುಲೆಟ್ಟನ್ನು ನಾನು ಗ್ಯಾರೇಜಿನಲ್ಲಿ ಬಿಚ್ಚಲಿಲ್ಲ. ಸುಡುಬಿಸಿಲಿನ ಮಧ್ಯಾಹ್ನ ಹುಬ್ಬಳ್ಳಿ ರಸ್ತೆ ಹಿಡಿದೆ. ಚೀಲದಲ್ಲಿ ಒಂದು ಒಳ್ಳೆಯ ಪ್ಲಗ್, ಎರಡೂ ತುದಿಗೆ ಕ್ಲಿಪ್ ಬೆಸೆದ ಒಂದು ಕಂಡೆನ್ಸರ್, ಮಲ್ಟಿಮೀಟರ್, ಪಾನಾ, ದಪ್ಪ ಬಟ್ಟೆ. ಹುಲಕೋಟಿ ದಾಟಿದ ಮೇಲೆ ಸೈಲೆನ್ಸರ್‌ನಲ್ಲಿ ಒಂದೆರಡು ಸಲ 'ಪಟ್' ಎಂದಿತು. ಸಿಲಿಂಡರ್‌ನಲ್ಲಿ ಉರಿಯದೆ ಹೊರಬಿದ್ದ ಪೆಟ್ರೋಲ್ ಬಿಸಿ ಸೈಲೆನ್ಸರ್‌ನಲ್ಲಿ ಹೊತ್ತಿಕೊಂಡ ಸದ್ದು ಅದು. ಕಿಡಿ ತಪ್ಪುತ್ತಿದೆ ಎನ್ನುವುದಕ್ಕೆ ಒಳ್ಳೆಯ ಸುಳಿವು. ಸ್ವಲ್ಪ ಮುಂದೆ ಹೋಗಿ ನಿಂತಿತು.

ಗಾಡಿ ನಿಂತ ಮೇಲಿನ ಮೊದಲ ಐದು ನಿಮಿಷ ಬಹಳ ಬೆಲೆಯದು. ಆಗ ಚಹಾ ಕುಡಿಯಬಾರದು, ಫೋನ್ ಮಾಡಬಾರದು. ನಾನು ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದೆ. ಗಾಳಿ ಒಳನುಗ್ಗುವ 'ಸುಸ್' ಎಂಬ ಸದ್ದು ಬರಲಿಲ್ಲ. ಅಂದರೆ ಮುಚ್ಚಳದ ಗಾಳಿತೂತು ತೆರೆದೇ ಇದೆ, ಪೆಟ್ರೋಲ್ ಇಳಿಯಲು ಅಲ್ಲಿ ತಡೆಯಿಲ್ಲ. ಆಮೇಲೆ ಬುಲೆಟ್‌ನ ಹೆಡ್‌ಲೈಟ್ ಮೇಲಿರುವ, ಬ್ಯಾಟರಿಗೆ ಹೋಗಿಬರುವ ಕರೆಂಟ್ ತೋರಿಸುವ ಆಮೀಟರ್ ಕಡೆ ತಿರುಗಿದೆ.

ಬುಲೆಟ್ ಮಾಲೀಕರಲ್ಲಿ ಬಹಳಷ್ಟು ಜನ ಆಮೀಟರ್ ಇರುವುದು ಚಾರ್ಜಿಂಗ್ ನೋಡಲು ಮಾತ್ರ ಎಂದುಕೊಂಡಿದ್ದಾರೆ. ನನ್ನ ಮಟ್ಟಿಗೆ ಅದು ಇಗ್ನಿಷನ್‌ನ ನಾಡಿ. ಕೀ ತಿರುಗಿಸಿ, ಲೈಟ್ ಆರಿಸಿ, ಕಿಕ್ ಲಿವರನ್ನು ಹೊಡೆಯದೆ ನಿಧಾನವಾಗಿ ಒತ್ತುತ್ತ ಹೋಗಬೇಕು. ಬೇಕಾದರೆ ಸಿಲಿಂಡರ್ ಒತ್ತಡ ಬಿಡುವ ಡಿಕಂಪ್ರೆಸರ್ ಲಿವರ್ ಹಿಡಿದುಕೊಳ್ಳಬಹುದು. ಪಾಯಿಂಟ್ ಮುಚ್ಚಿದಾಗ ಸೂಜಿ ಮೈನಸ್ ಕಡೆಗೆ ಸರಿಯುತ್ತದೆ, ತೆರೆದಾಗ ನಡುವಿಗೆ ಮರಳುತ್ತದೆ. ಹೀಗೆ ಆಡಿದರೆ ಬ್ಯಾಟರಿ, ಕೀ, ಕಾಯಿಲ್‌ನ ದಪ್ಪ ತಂತಿ, ಪಾಯಿಂಟ್ ಇಷ್ಟರಲ್ಲೂ ಕರೆಂಟ್ ಹರಿಯುತ್ತಿದೆ ಎಂದು ಒಂದೂ ಸ್ಕ್ರೂ ಬಿಚ್ಚದೆ ತಿಳಿಯಿತು. ಸೂಜಿ ಅಲುಗಾಡದಿದ್ದರೆ ಹಾದಿ ಎಲ್ಲೋ ಕಡಿದಿದೆ: ಫ್ಯೂಸ್, ಕೀಯ ಒಳಗಿನ ಸವೆದ ಸಂಪರ್ಕ, ಪಾಯಿಂಟ್ ಮುಖದ ಮೇಲಿನ ಕೊಳೆ. ಸೂಜಿ ಮೈನಸ್‌ನಲ್ಲೇ ಅಂಟಿಕೊಂಡರೆ ಪಾಯಿಂಟ್ ತೆರೆಯುತ್ತಿಲ್ಲ, ಅಥವಾ ತೆರೆದರೂ ಕರೆಂಟ್ ಬೇರೆ ದಾರಿಯಲ್ಲಿ ಅರ್ಥ್ ಆಗುತ್ತಿದೆ. ಪಾಯಿಂಟ್ ಬದಲಿಸಿದವರು ಫೈಬರ್ ವಾಷರನ್ನು ತಪ್ಪು ಕಡೆ ಕೂರಿಸಿದ್ದರೆ ಇದೇ ಆಗುತ್ತದೆ. ಕಂಡೆನ್ಸರ್ ಒಳಗೇ ಶಾರ್ಟ್ ಆಗಿದ್ದರೂ ಇದೇ. ಅದರ ವೈರ್ ತೆಗೆದಾಗ ಸೂಜಿ ಆಡಿದರೆ ಕಳ್ಳ ಸಿಕ್ಕಂತೆ.

ನಮ್ಮ ಗಾಡಿಯಲ್ಲಿ ಸೂಜಿ ಸರಿಯಾಗಿ ಆಡಿತು. ಪ್ಲಗ್ ಬಿಚ್ಚಿ, ಚೀಲದಲ್ಲಿದ್ದ ಪ್ಲಗ್ ಸಿಕ್ಕಿಸಿ, ಸಿಲಿಂಡರ್ ಹೆಡ್‌ಗೆ ತಾಗಿಸಿ ಕಿಕ್ ಹೊಡೆದೆ. ಕಿಡಿ ಬಂದಿತು. ಇಲ್ಲಿಯೇ ಹಲವರು ಇಗ್ನಿಷನ್ ಸರಿ ಇದೆ ಎಂದು ತೀರ್ಮಾನಿಸಿ ಕಾರ್ಬೊರೇಟರ್‌ಗೆ ಕೈ ಹಾಕುತ್ತಾರೆ. ಆದರೆ ಬಯಲಿನಲ್ಲಿ ಅರ್ಧ ಮಿಲಿಮೀಟರ್ ಸಂದಿ ದಾಟಲು ಕಿಡಿಗೆ ಹೆಚ್ಚಿನ ವೋಲ್ಟ್ ಬೇಕಿಲ್ಲ. ಅದೇ ಸಂದಿಯನ್ನು ಸಿಲಿಂಡರ್‌ನೊಳಗೆ, ಪಿಸ್ಟನ್ ಒತ್ತಿ ಹಿಡಿದ ಗಾಳಿಯಲ್ಲಿ ದಾಟಬೇಕೆಂದರೆ ಹಲವು ಪಟ್ಟು ಬೇಕು. ಆದ್ದರಿಂದ ನಾನು ಪ್ಲಗ್ ವೈರಿನ ತುದಿಯನ್ನು ಒಣ ಮರದ ತುಂಡಿನಲ್ಲಿ ಹಿಡಿದು ಎಂಜಿನ್‌ನಿಂದ ಐದಾರು ಮಿಲಿಮೀಟರ್ ದೂರ ನಿಲ್ಲಿಸಿ ನೋಡುತ್ತೇನೆ. ಆರೋಗ್ಯವಂತ ಕಿಡಿ ನೀಲಿಯಾಗಿ, ಚಟ್ ಎಂದು ಸದ್ದು ಮಾಡಿ ದಾಟುತ್ತದೆ. ಅಂದು ಹಾರಿದ್ದು ಕಿತ್ತಳೆ ಬಣ್ಣದ ನೂಲಿನೆಳೆಯಂಥ ಕಿಡಿ, ಅದೂ ಆಗೊಮ್ಮೆ ಈಗೊಮ್ಮೆ. ಈ ಪರೀಕ್ಷೆ ಮಾಡುವಾಗ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಬರುತ್ತದೆ ಎನ್ನುವುದು ನೆನಪಿರಲಿ. ಕಿಡಿಯನ್ನು ಅದರ ಬಾಯಿಯಿಂದ ದೂರವಿಡಿ. ವೈರನ್ನು ಗಾಳಿಯಲ್ಲಿ ಜೋತುಬಿಟ್ಟು ಕಿಕ್ ಹೊಡೆಯಬೇಡಿ. ಹೊರಹೋಗಲು ದಾರಿ ಸಿಗದ ವೋಲ್ಟ್ ಕಾಯಿಲ್‌ನೊಳಗಿನ ಹೊದಿಕೆಯನ್ನೇ ಸೀಳಬಹುದು.

ಇನ್ನು ಉಳಿದದ್ದು ಕಾಯಿಲ್, ಕಂಡೆನ್ಸರ್ ಎರಡೇ. ಬಲಗಡೆ ಸಿಲಿಂಡರ್ ಹಿಂದಿರುವ ಪಾಯಿಂಟ್ ಮುಚ್ಚಳ ತೆಗೆದು, ಬಿಸಿಲು ಬೀಳದಂತೆ ಅಂಗಿಯ ನೆರಳು ಮಾಡಿ ಬಗ್ಗಿ ನೋಡುತ್ತ ಕಿಕ್ ಒತ್ತಿದೆ. ಪಾಯಿಂಟ್ ತೆರೆದಾಗಲೆಲ್ಲ ಎರಡು ಮುಖಗಳ ನಡುವೆ ದಪ್ಪನೆಯ ನೀಲಿ-ಬಿಳಿ ಕಿಡಿ ಹಾರುತ್ತಿತ್ತು. ಅಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಮಿಣುಕು ಇರಬೇಕು, ಅಷ್ಟೇ. ಹಳೆಯ ಕಂಡೆನ್ಸರ್‌ನ ವೈರ್ ಬಿಡಿಸಿ ಕ್ಲಿಪ್ ಹಾಕಿದ ನನ್ನ ಕಂಡೆನ್ಸರನ್ನು ಪಾಯಿಂಟ್‌ಗೂ ಅರ್ಥ್‌ಗೂ ಕಚ್ಚಿಸಿದೆ. ಪಾಯಿಂಟ್‌ನ ಉರಿ ಹೋಯಿತು, ಪ್ಲಗ್ ವೈರ್‌ನಲ್ಲಿ ನೀಲಿ ಕಿಡಿ ಬಂದಿತು, ಪ್ಲಗ್ ಹಾಕಿ ಹೊಡೆದ ಕಿಕ್‌ಗೆ ಎಂಜಿನ್ ಎದ್ದಿತು.

ಇಷ್ಟಕ್ಕೇ ನಿಲ್ಲಿಸಿದರೆ ಕಾಯಿಲ್ ಬದಲಿಸಿದವರಿಗೂ ನನಗೂ ವ್ಯತ್ಯಾಸವೇನು? ಈ ಹೊತ್ತಿಗೆ ಎಂಜಿನ್ ಒಂದಿಷ್ಟು ಆರಿರುತ್ತದೆ, ಅದಕ್ಕೇ ಎದ್ದಿರಬಹುದು. ಆದ್ದರಿಂದ ಕೆಲವು ನಿಮಿಷ ಓಡಿಸಿ, ಮತ್ತೆ ಪೂರ್ತಿ ಬಿಸಿ ಮಾಡಿ, ನನ್ನದನ್ನು ತೆಗೆದು ಹಳೆಯ ಕಂಡೆನ್ಸರನ್ನೇ ಮರಳಿ ಜೋಡಿಸಿದೆ. ಎಂಜಿನ್ ಏಳಲಿಲ್ಲ. ಕ್ಲಿಪ್ ಹಚ್ಚಿದೆ, ಎದ್ದಿತು. ಹಾಳಾದದ್ದೆಂದು ಅನುಮಾನವಿರುವ ಭಾಗವನ್ನು ಮರಳಿ ಹಾಕಿ, ದೋಷ ಮರಳುತ್ತದೆಯೇ ಎಂದು ನೋಡುವುದನ್ನು ನಾನು ಈಗ ಯಾವ ಗಾಡಿಯಲ್ಲೂ ಬಿಡುವುದಿಲ್ಲ. ಗಿರಾಕಿಗೆ ಇದು ವ್ಯರ್ಥ ಕೆಲಸದಂತೆ ಕಾಣುತ್ತದೆ. ನಮ್ಮಲ್ಲಿ ಕಲಿಯಲು ಬಂದ ಹುಡುಗರಿಗೂ ಮೊದಮೊದಲು ಹಾಗೆಯೇ ಅನಿಸುತ್ತದೆ. ಆದರೆ 'ಇದೇ ದೋಷ' ಎಂದು ಎದೆ ತಟ್ಟಿ ಹೇಳುವ ಹಕ್ಕು ಬರುವುದು ಅದರಿಂದಲೇ.

ಅದೇ ಬೇಸಿಗೆಯಲ್ಲಿ ತರುಣನೊಬ್ಬ ತನ್ನ ಯೆಜ್ಡಿ ತಂದಿದ್ದ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಯೆಜ್ಡಿ. 'ಅಣ್ಣಾ, ಬಿಸಿಯಾದ ಮೇಲೆ ನಿಲ್ಲುತ್ತದೆ, ಕಂಡೆನ್ಸರ್ ಹಾಕಿಬಿಡಿ' ಎಂದ. ದೂರು ಅಕ್ಷರಶಃ ಒಂದೇ. ಆ ಎಂಜಿನ್‌ನಲ್ಲಿ ಪಾಯಿಂಟ್, ಕಂಡೆನ್ಸರ್ ಎರಡೂ ಬಲಗಡೆಯ ಕವರ್ ಒಳಗೆ ಡೈನಮೊ ಪಕ್ಕದಲ್ಲೇ ಬಿಸಿಯಾಗುತ್ತ ಕೂತಿರುವುದರಿಂದ ಅನುಮಾನ ಸಹಜವೂ ಹೌದು. ಆದರೆ ಓಡಿಸಿ ನೋಡಿದಾಗ ಸೈಲೆನ್ಸರ್‌ನಲ್ಲಿ 'ಪಟ್' ಎನ್ನಲಿಲ್ಲ. ಎಂಜಿನ್ ನಿಧಾನವಾಗಿ ಬಲಗುಂದಿ ನಿಂತಿತು. ಟ್ಯಾಂಕಿನ ಮುಚ್ಚಳ ತೆರೆದರೆ 'ಸುಸ್' ಎಂದು ಗಾಳಿ ಒಳಗೆ ನುಗ್ಗಿತು. ಹಳೆಯ ರಬ್ಬರ್ ಹಾಳಾಗಿದೆಯೆಂದು ಯಾರೋ ಸೈಕಲ್ ಟ್ಯೂಬ್ ಕತ್ತರಿಸಿ ಮುಚ್ಚಳಕ್ಕೆ ವಾಷರ್ ಮಾಡಿದ್ದರು. ಗಾಳಿಯಾಡುವ ಸಣ್ಣ ತೂತು ಅದರಡಿಯಲ್ಲಿ ಮುಚ್ಚಿಹೋಗಿತ್ತು. ಒಳಗೆ ಗಾಳಿ ಬಾರದಿದ್ದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ನಿಲ್ಲಿಸಿದಾಗ ಗಾಳಿ ಮೆಲ್ಲಗೆ ಸೋರಿ ಒಳಸೇರುತ್ತದೆ, ಗಾಡಿ ಏಳುತ್ತದೆ, ದೋಷ ಬಿಸಿಯದೆಂದು ತೋರುತ್ತದೆ. ನಮ್ಮ ಎರೆ ಸೀಮೆಯ ಕಪ್ಪು ಧೂಳು ಕೂತೂ ಆ ತೂತು ಮುಚ್ಚಿಕೊಳ್ಳುವುದುಂಟು. ಅಂದು ಕಂಡೆನ್ಸರ್ ಹಾಕಿಕೊಟ್ಟಿದ್ದರೆ ಗ್ಯಾರೇಜಿನಲ್ಲಿ ಆ ಯೆಜ್ಡಿಯೂ ಒಂದೇ ಕಿಕ್‌ಗೆ ಏಳುತ್ತಿತ್ತು.

ಕಂಡೆನ್ಸರನ್ನು ಮಲ್ಟಿಮೀಟರ್‌ನಿಂದ ಅಳೆದು ಸರಿ ಇದೆ ಎನ್ನುವವರಿಗೂ ಒಂದು ಮಾತು. ಸುಮಾರು 0.2 ಮೈಕ್ರೊಫ್ಯಾರಡ್ ತೋರಿಸಿದರೆ ಅಳತೆ ಸರಿ. ಆದರೆ ಮೀಟರ್ ಅಳೆಯುವುದು ತನ್ನ ಪುಟ್ಟ ಬ್ಯಾಟರಿಯ ಒಂದೆರಡು ವೋಲ್ಟ್‌ನಿಂದ. ಗಾಡಿಯಲ್ಲಿ ಅದು ತಡೆಯಬೇಕಾದದ್ದು ನೂರಾರು ವೋಲ್ಟ್, ಅದೂ ಬಿಸಿಯಲ್ಲಿ. ಮೀಟರ್ ಕೆಟ್ಟದ್ದು ಎಂದರೆ ನಂಬಿ. ಒಳ್ಳೆಯದು ಎಂದರೆ ಅರ್ಧ ಮಾತ್ರ ನಂಬಿ. ಅಂಗಡಿಯಿಂದ ತಂದ ಹೊಸ ಕಂಡೆನ್ಸರ್ ಎಂಬ ಕಾರಣಕ್ಕೂ ನಂಬಬೇಡಿ. ಪೊಟ್ಟಣ ಒಡೆದ ದಿನವೇ ಬಿಸಿಗೆ ಸೋರಿದವನ್ನು ನೋಡಿದ್ದೇನೆ.

ಪಾಯಿಂಟ್ ಬಗ್ಗೆ ಎರಡೇ ಮಾತು. ಬುಲೆಟ್‌ಗೆ ಸಂದಿ 0.35ರಿಂದ 0.40 ಮಿಲಿಮೀಟರ್, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟೇ ಹೊಂದಿಸಿ, ಕಣ್ಣಂದಾಜು ಬೇಡ. ಕ್ಯಾಮ್‌ಗೆ ಉಜ್ಜುವ ಫೈಬರ್ ಸವೆದಂತೆ ಸಂದಿ ಕಿರಿದಾಗಿ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದೆ ಬೀಳುತ್ತದೆ. ಆಗ ಗಾಡಿ ನಿಲ್ಲುವುದಿಲ್ಲ, ಆದರೆ ದಣಿಯುತ್ತದೆ.

ಕಾಕಾ ಅವರ ಬುಲೆಟ್‌ಗೆ ಹೊಸ ಕಂಡೆನ್ಸರನ್ನು ಎಂಜಿನ್ ಶಾಖ ತಾಗದ ಹಾಗೆ ಕಾಯಿಲ್ ಹತ್ತಿರ ಕೂರಿಸಿದೆ, ಅರ್ಥ್ ಜಾಗವನ್ನು ಬಣ್ಣ ಕೆರೆದು ಬರಿ ಲೋಹಕ್ಕೆ ಬಿಗಿದೆ. ಉರಿದು ಗುಳಿ ಬಿದ್ದಿದ್ದ ಪಾಯಿಂಟ್ ಬದಲಿಸಿದೆ. ಬಿಸಿಲಿನಲ್ಲಿ ಮತ್ತೆ ಅಣ್ಣಿಗೇರಿಯವರೆಗೆ ಹೋಗಿ, ಅಲ್ಲಿ ಐಡ್ಲಿಂಗ್‌ನಲ್ಲೇ ಬಿಟ್ಟು ಕಾಯಿಸಿ, ಆಮೇಲೆ ಗಾಡಿ ಕೊಟ್ಟೆ. ಮನೆಯಲ್ಲಿ ಬಿದ್ದಿದ್ದ ಹಳೆಯ ಕಾಯಿಲ್ ತರಿಸಿ, ಅದನ್ನೂ ಬಿಸಿ ಎಂಜಿನ್ ಮೇಲೆ ಹಾಕಿ ನೋಡಿದೆ, ಏನೂ ಆಗಿರಲಿಲ್ಲ. 'ಇದನ್ನು ಎಸೆಯಬೇಡಿ ಕಾಕಾ, ಗಾಡಿಯ ಪೆಟ್ಟಿಗೆಯಲ್ಲೇ ಇರಲಿ' ಎಂದೆ.

ನಿಮ್ಮ ಗಾಡಿಗೂ ಇದೇ ದೋಷವಿದ್ದರೆ ಮೆಕ್ಯಾನಿಕ್ ಬಳಿ ಹೋಗುವ ಮೊದಲು ಅದು ನಿಲ್ಲುವ ಹೊತ್ತಿನಲ್ಲೇ ಮೂರು ಸಂಗತಿ ನೋಡಿಕೊಳ್ಳಿ. ಒಮ್ಮೆಲೇ ನಿಂತಿತೇ, ನಿಧಾನವಾಗಿ ಬಲಗುಂದಿ ನಿಂತಿತೇ? ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿಯ ಸದ್ದು ಬಂದಿತೇ? ಹಳೆಯ ಬುಲೆಟ್ ಆದರೆ, ಕಿಕ್ ನಿಧಾನವಾಗಿ ಒತ್ತಿದಾಗ ಆಮೀಟರ್ ಸೂಜಿ ಆಡಿತೇ? ಇದಕ್ಕೆಲ್ಲ ಪಾನಾ ಕೂಡ ಬೇಕಿಲ್ಲ. ಪ್ಲಗ್ ಬಿಚ್ಚಲೇಬೇಕೆಂದರೆ ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.