ನಾನು ಅಳಿಸಿದ ಮೂರು ಅಕ್ಷರ

ಆ ಪುಟ ನೆನಪಾದರೆ ಈಗಲೂ ಹೊಟ್ಟೆಯೊಳಗೆ ಕಸಿವಿಸಿ. ಅನಾಟಮಿ ಅಟ್ಲಾಸ್‌ನ ಸೆಕೆಂಡ್ ಪ್ರೂಫ್ ನೋಡುತ್ತಿದ್ದೆ. ಮುಖದ ಸ್ನಾಯುಗಳ ಪ್ಲೇಟ್, ಅಂದರೆ ಚಿತ್ರದ ಪುಟ. ಮೂಗಿನ ಪಕ್ಕದಲ್ಲಿ ಇಳಿಯುವ ತೆಳ್ಳನೆಯ ಪಟ್ಟಿಗೆ ಉದ್ದದ ಲ್ಯಾಟಿನ್ ಲೇಬಲ್: ‘ಲೆವೇಟರ್ ಲೇಬಿಯೈ ಸುಪೀರಿಯೋರಿಸ್ ಅಲೇಕ್ವೆ ನೇಸೈ’. ‘ಅಲೇಕ್ವೆ’ ಕೆಳಗೆ ಸ್ಪೆಲ್ ಚೆಕ್‌ನ ಕೆಂಪು ಗೆರೆ. ‘ಅಲಾ’ ಅಂದರೆ ರೆಕ್ಕೆ, ‘ಅಲೇ’ ಅಂದರೆ ರೆಕ್ಕೆಯ, ಅಷ್ಟು ಗೊತ್ತಿತ್ತು. ಕೊನೆಯ ‘ಕ್ವೆ’ (que) ಟೈಪ್ ಮಾಡುವಾಗ ಕೈತಪ್ಪಿ ಸೇರಿರಬೇಕು ಅಂದುಕೊಂಡೆ. ಮೂರು ಅಕ್ಷರ ತೆಗೆದು ‘ರಿಪ್ಲೇಸ್ ಆಲ್’ ಒತ್ತಿದೆ. ಲೇಖಕಿಗೆ ಕ್ವೆರಿ, ಅಂದರೆ ‘ಇದು ಸರಿಯೇ?’ ಅನ್ನುವ ಪ್ರಶ್ನೆ, ಹಾಕಲಿಲ್ಲ. ‘ಕ್ವೆರಿ ಜಾಸ್ತಿ ಆಗ್ತಿದೆ’ ಅಂತ ಹಿಂದಿನ ವಾರವಷ್ಟೇ ಮೀಟಿಂಗ್‌ನಲ್ಲಿ ಹೇಳಿಸಿಕೊಂಡಿದ್ದೆ.

ಫೈಲ್ ಪ್ರೆಸ್‌ಗೆ ಹೋಗುವ ದಿನ ಲೇಖಕಿಯ ಫೋನ್ ಬಂತು.

“‘ಮತ್ತು’ ಎಲ್ಲಿ ಹೋಯ್ತು?”

“ಯಾವ ‘ಮತ್ತು’, ಮೇಡಂ?”

“ಕ್ವೆ ಅಂದ್ರೆ ‘ಮತ್ತು’. ಲ್ಯಾಟಿನ್‌ನಲ್ಲಿ ಅದು ಪದದ ಕೊನೆಗೇ ಅಂಟಿಕೊಳ್ಳುತ್ತೆ. ನಮ್ಮ ‘ಊ’ ಇದೆಯಲ್ವಾ, ಹಾಗೆ.”

ಕೂತಲ್ಲೇ ಬೆವೆತೆ. ಅಕ್ಕನೂ ತಂಗಿಯೂ ಅನ್ನುವಾಗ ನಾವು ಎರಡಕ್ಕೂ ‘ಊ’ ಹಚ್ಚುತ್ತೇವೆ. ಲ್ಯಾಟಿನ್ ಸಾಮಾನ್ಯವಾಗಿ ಎರಡನೆಯದಕ್ಕೆ ಮಾತ್ರ ‘ಕ್ವೆ’ ಹಚ್ಚುತ್ತದೆ. ಈ ಕೀಲಿ ಸಿಕ್ಕ ಮೇಲೆ ಇಡೀ ಹೆಸರು ತಾನಾಗಿ ಬಿಚ್ಚಿಕೊಂಡಿತು. ‘ಲೆವೇಟರ್’ ಎತ್ತುವಂಥದ್ದು. ‘ಲೇಬಿಯೈ’ ತುಟಿಯ, ‘ನೇಸೈ’ ಮೂಗಿನ, ಎರಡೂ ಷಷ್ಠಿ. ಕನ್ನಡದಲ್ಲಿ ‘ಮೇಲಿನ’ ಅನ್ನುವ ಪದ ಯಾವ ವಿಭಕ್ತಿಗೂ ಬದಲಾಗುವುದಿಲ್ಲ. ಲ್ಯಾಟಿನ್‌ನಲ್ಲಿ ಹಾಗಲ್ಲ, ತುಟಿ ಷಷ್ಠಿಯಲ್ಲಿದ್ದರೆ ‘ಮೇಲಿನ’ ಕೂಡ ಷಷ್ಠಿಗೆ ಬರಬೇಕು. ಅದಕ್ಕೇ ‘ಸುಪೀರಿಯೋರಿಸ್’. ಒಟ್ಟಿಗೆ ಓದಿದರೆ, ಮೇಲ್ತುಟಿಯನ್ನೂ ಮೂಗಿನ ರೆಕ್ಕೆಯನ್ನೂ ಎತ್ತುವ ಸ್ನಾಯು. ಮೂಗಿನ ಪಕ್ಕ ಬೆರಳಿಟ್ಟು ಮುಖ ಸಿಂಡರಿಸಿ ನೋಡಿದೆ. ತುಟಿ, ಹೊಳ್ಳೆ ಎರಡೂ ಒಟ್ಟಿಗೇ ಮೇಲೆದ್ದವು. ಆ ‘ಒಟ್ಟಿಗೇ’ಯನ್ನೇ ನಾನು ಅಳಿಸಿದ್ದೆ. ‘ಮೂಗಿನ ರೆಕ್ಕೆಯ ಮೇಲ್ತುಟಿ’ ಅಂತ ಅರ್ಥವಿಲ್ಲದ ಹೆಸರು ಉಳಿದಿತ್ತು.

ಟೇಬಲ್, ಇಂಡೆಕ್ಸ್ ಬೇಗ ಸರಿಹೋದವು. ಪ್ಲೇಟ್ ಸರಿಹೋಗಲಿಲ್ಲ. ಲೇಬಲ್‌ಗಳನ್ನು ಆಗಲೇ ಔಟ್‌ಲೈನ್ ಮಾಡಿಬಿಟ್ಟಿದ್ದರು, ಅಂದರೆ ಅಕ್ಷರಗಳು ಬರೀ ಆಕಾರಗಳಾಗಿದ್ದವು, ಸರ್ಚ್‌ಗೆ ಸಿಗುವುದಿಲ್ಲ. ಡಿಸೈನರ್ ಹಳೆಯ ಲೇಯರ್ ಹುಡುಕುವವರೆಗೆ ಅವರ ಕುರ್ಚಿಯ ಹಿಂದೆ ನಿಂತೇ ಇದ್ದೆ. ಪ್ರೆಸ್‌ನವರು ಎರಡು ಸಲ ಫೋನ್ ಮಾಡಿದರು. ಕೊನೆಗೆ ಫೈಲ್ ಹೋಯಿತು, ‘ಕ್ವೆ’ ಸಮೇತ.

ಸ್ಪೆಲ್ ಚೆಕ್‌ಗೆ ಲ್ಯಾಟಿನ್ ಪದಗಳ ಪಟ್ಟಿ ಸೇರಿಸಿಕೊಡಿ ಅಂತ ಆಮೇಲೆ ಎರಡು ಸಲ ಕೇಳಿದೆ. ಇನ್ನೂ ಆಗಿಲ್ಲ. ಹಾಗಾಗಿ ಕೆಂಪು ಗೆರೆ ಬಿದ್ದ ಪ್ರತಿ ಲ್ಯಾಟಿನ್ ಪದದ ವಿಭಕ್ತಿಯನ್ನು ಪಕ್ಕದ ಹಾಳೆಯಲ್ಲಿ ಬರೆದು ನೋಡುತ್ತೇನೆ. ಕ್ವೆರಿಯನ್ನೂ ಹಾಕುತ್ತೇನೆ. ಜಾಸ್ತಿ ಆದರೆ ಆಗಲಿ.