ನಮ್ಮೂರ ಓಟಕ್ಕೆ ಟೈಮಿಂಗ್ ನಾವೇ ಮಾಡಬಹುದಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಚಿಕ್ಕಮಗಳೂರಿನ ಟೆಕ್ ಮೀಟಪ್‌ಗೆ ಪ್ರೋಗ್ರಾಮಿಂಗ್‌ಗೂ ತಮಗೂ ಸಂಬಂಧವಿಲ್ಲ ಎನ್ನುವವರೂ ಬರುತ್ತಾರೆ. ಅವರಲ್ಲಿ ಓಟಗಾರರದ್ದು ಯಾವಾಗಲೂ ಒಂದೇ ಪ್ರಶ್ನೆ: "ತೋಟದ ದಾರಿಯಲ್ಲಿ ಐವತ್ತು ಕಿಲೋಮೀಟರ್ ಓಟ ಇಡೋಣ ಅಂತಿದ್ದೀವಿ. ಎಪ್ಪತ್ತೆಂಬತ್ತು ಜನ ಆಗಬಹುದು. ಟೈಮಿಂಗ್‌ಗೆ ಬೆಂಗಳೂರಿನಿಂದ ಕಂಪನಿಯವರನ್ನ ಕರೆಸಬೇಕಾ, ಇಲ್ಲ ನೀವೇ ಒಂದು ಆ್ಯಪ್ ಮಾಡಿಕೊಡ್ತೀರಾ?" ಹಾಸನ, ಸಕಲೇಶಪುರದ ಕಡೆಯವರೂ ಇದನ್ನೇ ಕೇಳುತ್ತಾರೆ. ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ಪೂರ್ತಿ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ.

ಮಾಡಬಹುದು. ಇಷ್ಟು ಜನರ ದೂರದ ಓಟಕ್ಕೆ ಓಟಗಾರರಿಗೆ ಅಂಟಿಸುವ ಎಲೆಕ್ಟ್ರಾನಿಕ್ ಚಿಪ್ ಬೇಡ, ಅದನ್ನು ಓದಲು ಗೆರೆಯಲ್ಲಿ ಹಾಸುವ ಮ್ಯಾಟೂ ಬೇಡ. ಏಳೆಂಟು ಹಳೆಯ ಆಂಡ್ರಾಯ್ಡ್ ಫೋನು, ಗೆರೆ ಹಾಕಿದ ಹಾಳೆ, ಪೆನ್ಸಿಲ್, ಮೊದಲೇ ಅಭ್ಯಾಸ ಮಾಡಿಕೊಂಡ ಹನ್ನೆರಡು ಜನ ಇದ್ದರೆ ಸಾಕು. ಆದರೆ ಯಾರು ಗೆದ್ದರು ಎಂದು ಹೇಳುವುದಕ್ಕೇ ಟೈಮಿಂಗ್ ಇರುವುದು ಎಂದುಕೊಂಡು ಕೋಡ್ ಬರೆಯಲು ಕೂತರೆ ದಾರಿ ತಪ್ಪುತ್ತೀರಿ. ಬೆಟ್ಟದ ಓಟದಲ್ಲಿ ಟೈಮಿಂಗ್ ಮೇಜಿನವರು ಯಾವ ಗಳಿಗೆಯಲ್ಲಿ ಕೇಳಿದರೂ ಮೂರು ಸಂಗತಿ ಹೇಳುವಂತಿರಬೇಕು: ಈಗ ದಾರಿಯಲ್ಲಿ ಎಷ್ಟು ಜನ ಇದ್ದಾರೆ, ಅವರ ನಂಬರ್ ಯಾವುವು, ಒಬ್ಬೊಬ್ಬರೂ ಕೊನೆಗೆ ಕಂಡದ್ದು ಎಲ್ಲಿ, ಎಷ್ಟು ಗಂಟೆಗೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದ 100 ಕಿ.ಮೀ. ಬೆಟ್ಟದ ಓಟದಲ್ಲಿ ಹೊರಟ 172 ಜನರಲ್ಲಿ 21 ಜನ ಜೀವ ಕಳೆದುಕೊಂಡರು. ಇದ್ದಕ್ಕಿದ್ದಂತೆ ಮಳೆ, ಆಲಿಕಲ್ಲು, ಬಿರುಗಾಳಿ ಎದ್ದು, ತೆಳು ಬಟ್ಟೆಯಲ್ಲಿದ್ದವರ ಮೈ ಶಾಖ ಇಳಿದುಹೋಯಿತು. ನಮ್ಮ ಬೆಟ್ಟಗಳು ಅಷ್ಟು ಕಠೋರವಲ್ಲ, ನಿಜ. ಆದರೂ ಊರು ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಮೇಲೆ ಹೋಗುವಷ್ಟರಲ್ಲಿ ಐದು ಡಿಗ್ರಿಯಷ್ಟು ತಂಪು ಹೆಚ್ಚುತ್ತದೆ. ಬೆವರಿನಲ್ಲಿ ತೊಯ್ದ ಬನಿಯನ್ನಿಗೆ ಗಾಳಿ ಹೊಡೆದರೆ ನಡುಕ ಹತ್ತಲು ಹೆಚ್ಚು ಹೊತ್ತು ಬೇಡ. ಕೆಳಗೆ ತೋಟದೊಳಗಿನ ತೊಂದರೆ ಬೇರೆ. ಎಲ್ಲಿ ನೋಡಿದರೂ ಅದೇ ಸಿಲ್ವರ್ ಓಕ್, ಅದೇ ಮೆಣಸಿನ ಬಳ್ಳಿ, ಅದೇ ಕಾಫಿ ಸಾಲು. ಒಂದು ತಿರುವು ತಪ್ಪಿದರೆ ಮೂರು ಕಿಲೋಮೀಟರ್ ಹೋದ ಮೇಲೂ ತಪ್ಪಿದ್ದು ಗೊತ್ತಾಗುವುದಿಲ್ಲ.

ಹಾಗಾಗಿ ಇಡೀ ವ್ಯವಸ್ಥೆ ನಿಂತಿರುವುದು ಒಂದು ಕಳೆಯುವ ಲೆಕ್ಕದ ಮೇಲೆ: ಹೊರಟವರಲ್ಲಿ ಮುಗಿಸಿದವರನ್ನೂ ನಡುವೆಯೇ ಓಟ ಬಿಟ್ಟವರನ್ನೂ ಕಳೆದರೆ ಉಳಿದವರು ದಾರಿಯಲ್ಲಿದ್ದಾರೆ. ಇದರಲ್ಲಿ "ಹೊರಟವರು" ಎಂಬ ಸಂಖ್ಯೆಯೇ ಮೊದಲು ಕೈಕೊಡುತ್ತದೆ. ಹೆಸರು ಕೊಟ್ಟವರು 80, ಬಿಬ್ (ಎದೆಗೆ ಸಿಕ್ಕಿಸುವ ನಂಬರ್ ಚೀಟಿ) ತೆಗೆದುಕೊಂಡವರು 74, ಆರಂಭದ ಗೆರೆ ದಾಟಿದವರು 71 ಎಂದಿದ್ದರೆ ಲೆಕ್ಕಕ್ಕೆ ಬೇಕಾದ್ದು 71 ಮಾತ್ರ. ಹೊರಡುವ ಮುಂಚೆ ಎಲ್ಲರನ್ನೂ ಒಂದು ಕಿರಿದಾದ ಬಾಗಿಲಿನಂಥ ಜಾಗದಿಂದ ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟು ನಂಬರ್ ಹೊಡೆದುಕೊಳ್ಳಿ. ಎರಡು ಹಗ್ಗ, ನಾಲ್ಕು ಗೂಟ ಸಾಕು.

ಎರಡನೆಯ ಹಳ್ಳ "ಬಿಟ್ಟವರು". ಕಾಣೆಯಾದವರೆಂದು ಹುಡುಕಿಸಿಕೊಳ್ಳುವವರಲ್ಲಿ ಹೆಚ್ಚಿನವರು ಕಾಡಿನಲ್ಲಿ ಇರುವುದೇ ಇಲ್ಲ. ಮಂಡಿ ನೋವೆಂದು ಮೂರನೆಯ ಚೆಕ್‌ಪಾಯಿಂಟ್‌ನಲ್ಲಿ (ದಾರಿಯ ನಡುವೆ ನಂಬರ್ ಬರೆದುಕೊಳ್ಳುವ ಜಾಗ) ಸ್ನೇಹಿತರ ಜೀಪು ಹತ್ತಿ ಮನೆಗೆ ಹೋಗಿ ಮಲಗಿರುತ್ತಾರೆ. ಇದಕ್ಕೆ ಮದ್ದು ಬಿಬ್‌ನಲ್ಲೇ ಇದೆ. ಬಿಬ್‌ನ ಕೆಳಮೂಲೆಯಲ್ಲಿ ಅದೇ ನಂಬರನ್ನು ಚಿಕ್ಕದಾಗಿ ಇನ್ನೊಮ್ಮೆ ಮುದ್ರಿಸಿ, ನಡುವೆ ಹರಿಯುವ ತೂತಿನ ಗೆರೆ ಹಾಕಿಸಿ. ಓಟ ಬಿಡುವವರು ಆ ತುಂಡನ್ನು ಹರಿದು ಚೆಕ್‌ಪಾಯಿಂಟ್‌ನವರ ಕೈಗೆ ಕೊಟ್ಟೇ ಹೋಗಬೇಕು. ತುಂಡು ಬಂದರೆ ಮಾತ್ರ "ಬಿಟ್ಟವರು" ಎಂದು ದಾಖಲಾಗುತ್ತದೆ, ಬಾಯಿಮಾತು ನಡೆಯುವುದಿಲ್ಲ. ಬಿಬ್‌ನ ಹಿಂಬದಿಯಲ್ಲಿ ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಇರಲಿ.

ಬಿಬ್ ನಂಬರನ್ನು 1, 2, 3 ಎಂದು ಕೊಡಬೇಡಿ. ಮಳೆಯಲ್ಲಿ ಮುದುಡಿದ ಬಿಬ್‌ನ 116 ನೋಡಿ 161 ಎಂದು ಒತ್ತಿದರೆ ಒಂದೇ ಏಟಿಗೆ ಎರಡು ತಪ್ಪು: ಇದ್ದವರು ಕಾಣೆಯಾಗುತ್ತಾರೆ, ಇಲ್ಲದವರು ಕಾಣಿಸಿಕೊಳ್ಳುತ್ತಾರೆ. ನಾನು ಶಿಫಾರಸು ಮಾಡುವ ಕ್ರಮ ಹೀಗಿದೆ. ಮೊದಲ ಅಂಕಿಯನ್ನು 3ರಿಂದ, ಎರಡನೆಯದನ್ನು 2ರಿಂದ ಗುಣಿಸಿ, ಮೂರನೆಯದನ್ನು ಹಾಗೇ ಕೂಡಿಸಿ. ಮೊತ್ತ 11ರಿಂದ ನಿಶ್ಶೇಷವಾಗಿ ಭಾಗವಾಗುವ ನಂಬರ್‌ಗಳನ್ನಷ್ಟೇ ಹಂಚಿ. 108, 116, 124, 132, 140, 159, 167 ಹೀಗೆ ಹೋಗುತ್ತದೆ. ಯಾವುದೇ ಒಂದು ಅಂಕಿ ತಪ್ಪಿದರೂ, ಎರಡು ಅಂಕಿ ಅದಲುಬದಲಾದರೂ ಮೊತ್ತ ಕೆಡುತ್ತದೆ, ಫೋನು ಅಲ್ಲೇ ಕೆಂಪಾಗುತ್ತದೆ. 161ಕ್ಕೆ ಮೊತ್ತ 16 ಬರುತ್ತದೆ, ನಡೆಯುವುದಿಲ್ಲ. ಓಟಗಾರರು ಇನ್ನೂ ಎದುರಿಗೇ ನಿಂತಿರುವಾಗ ತಪ್ಪು ಸಿಕ್ಕರೆ ತಿದ್ದುವುದು ಎರಡು ಸೆಕೆಂಡಿನ ಕೆಲಸ, ಸಂಜೆ ಸಿಕ್ಕರೆ ಎರಡು ಗಂಟೆಯ ಜಗಳ. ಮೂರಂಕಿಯಲ್ಲಿ ಇಂಥವು 82 ಸಿಗುತ್ತವೆ. ಜನ ಹೆಚ್ಚಿದ್ದರೆ ನಾಲ್ಕಂಕಿಗೆ ಹೋಗಿ, ಮೊದಲ ಅಂಕಿಯನ್ನು 4ರಿಂದ ಗುಣಿಸಿ.

ಇನ್ನು ಗಡಿಯಾರ. ಸಾಮಾನ್ಯ ಫೋನಿನೊಳಗೆ ಸಮಯ ಎಣಿಸುವ ಹರಳು ಹತ್ತು ಲಕ್ಷದಲ್ಲಿ 20ರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಅಷ್ಟೇ ವ್ಯತ್ಯಾಸ. ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಗಡಿಯಾರದ ಜಿಗಿತಕ್ಕೆ. ನೆಟ್‌ವರ್ಕ್ ಇಲ್ಲದ ಕಣಿವೆಯಲ್ಲಿ ಕೂತ ಫೋನು ಎಲ್ಲೋ ಒಂದು ಗಳಿಗೆ ಸಿಗ್ನಲ್ ಹಿಡಿದು ಸಮಯ ತಿದ್ದಿಕೊಂಡರೆ ಅದರ ಹಿಂದಿನ ದಾಖಲೆಗೂ ಮುಂದಿನದಕ್ಕೂ ತಾಳೆಯಾಗುವುದಿಲ್ಲ. ಅದಕ್ಕೇ ಪ್ರತಿ ದಾಖಲೆಯಲ್ಲಿ ಎರಡು ಸಮಯ ಬರೆಯಿರಿ: ಫೋನು ತೋರಿಸುವ ಗಂಟೆ-ನಿಮಿಷದ ಸಮಯ ಒಂದು, ಫೋನು ಆನ್ ಆದಾಗಿನಿಂದ ಎಣಿಸುತ್ತ ಬರುವ ಗಡಿಯಾರದ್ದು ಇನ್ನೊಂದು. ಫೋನು ಆಫ್ ಆಗದಿರುವವರೆಗೆ ಎರಡನೆಯದು ಜಿಗಿಯುವುದಿಲ್ಲ. ಅಂತಿಮ ಗೆರೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇಡುವ ಆಸೆ ನಮ್ಮ ಹುಡುಗರಿಗೆ ಬಹಳ. ನಾಲ್ಕನೆಯ ಮಾದರಿಯವರೆಗೆ ಅದರಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ; ಕರೆಂಟ್ ಹೋಗಿ ಬಂದರೆ ಕೊನೆಯ ಸಲ ಉಳಿಸಿಕೊಂಡ ಹಳೆಯ ಸಮಯದಿಂದ ಮತ್ತೆ ಶುರುಮಾಡುತ್ತದೆ. ಇಡಲೇಬೇಕೆಂದರೆ ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿ. ಅದರ ತಪ್ಪು ದಿನಕ್ಕೆ 0.2 ಸೆಕೆಂಡಿನೊಳಗೆ.

ಫೋನುಗಳನ್ನು ತಾಳೆ ಹಾಕುವ ಅತಿ ಸುಲಭದ ದಾರಿ ಒಂದು ಫೋಟೋ. ಬೆಳಗ್ಗೆ ಹೊರಡುವ ಮುಂಚೆ ಎಲ್ಲ ಫೋನುಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಸೆಕೆಂಡ್ ಕಾಣುವ ಗಡಿಯಾರದ ಪರದೆ ತೆರೆದು, ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೋ ತೆಗೆಯಿರಿ. ಸಂಜೆ ಮರಳಿದ ಮೇಲೆ ಇನ್ನೊಂದು. ಯಾವ ಫೋನು ಎಷ್ಟು ಹಿಂದೆ, ಎಷ್ಟು ಮುಂದೆ ಎಂಬುದು ಆ ಎರಡು ಫೋಟೋದಲ್ಲೇ ಇರುತ್ತದೆ. ಅದನ್ನು ಕೂಡಿ ಕಳೆದು ಸರಿಮಾಡಬಹುದು.

ಪ್ರತಿ ಚೆಕ್‌ಪಾಯಿಂಟ್‌ನಲ್ಲಿ ಇಬ್ಬರು. ಒಬ್ಬರು ನಂಬರನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ಒತ್ತುವುದು, ಇನ್ನೊಬ್ಬರು ಅದನ್ನೇ ಹಾಳೆಯಲ್ಲಿ ಬರೆಯುವುದು. ಅಂತಿಮ ಗೆರೆಯಲ್ಲಿ ಮಾತ್ರ ಗುಂಪಾಗಿ ಬರುವ ಸಾಧ್ಯತೆ ಇರುವುದರಿಂದ ಕೆಲಸ ಹಂಚಿ: ಒಬ್ಬರು ದಾಟಿದ ಸಮಯವನ್ನಷ್ಟೇ ಒತ್ತುತ್ತಾರೆ, ಇನ್ನೊಬ್ಬರು ಬಂದ ಕ್ರಮದಲ್ಲಿ ನಂಬರನ್ನಷ್ಟೇ ಬರೆಯುತ್ತಾರೆ. ಆದರೆ ಬಿಬ್ ಇಲ್ಲದ ಯಾರೋ ಒಬ್ಬರು ಗೆರೆ ದಾಟಿ ಸಮಯ ಒತ್ತಿಹೋದರೆ ಅಲ್ಲಿಂದ ಮುಂದಿನವರ ಸಮಯವೆಲ್ಲ ಒಂದೊಂದು ಮನೆ ಸರಿದುಬಿಡುತ್ತದೆ. ಆದ್ದರಿಂದ ಪ್ರತಿ ಹತ್ತನೆಯವರಿಗೆ ನಂಬರ್, ಸಮಯ ಎರಡನ್ನೂ ಒಟ್ಟಿಗೆ ಬರೆಯಿರಿ. ಪಟ್ಟಿ ಸರಿದಿದ್ದರೆ ಎಲ್ಲಿ ಸರಿಯಿತು ಎಂಬುದು ಹತ್ತು ಜನರೊಳಗೆ ಸಿಗುತ್ತದೆ.

ಒದ್ದೆ ಹಾಳೆಯ ಮೇಲೆ ಬಾಲ್‌ಪೆನ್ ಹಿಡಿಯುವುದಿಲ್ಲ, ಪೆನ್ಸಿಲ್ಲೇ ಬೇಕು. ಒದ್ದೆ ಪರದೆ ತನ್ನಷ್ಟಕ್ಕೆ ಅಂಕಿ ಒತ್ತಿಕೊಳ್ಳುತ್ತದೆ. ಫೋನನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸಮಯ ಒತ್ತುವುದನ್ನು ವಾಲ್ಯೂಮ್ ಗುಂಡಿಗೆ ಕೊಡಿ. ಸಿಗ್ನಲ್ ಹುಡುಕುತ್ತ ಹುಡುಕುತ್ತ ಬ್ಯಾಟರಿ ಖಾಲಿಯಾಗುವುದರಿಂದ ದಾಖಲೆಯ ಫೋನು ಫ್ಲೈಟ್ ಮೋಡ್‌ನಲ್ಲಿರಲಿ, ಸುದ್ದಿ ಕಳಿಸಲು ಬೇರೆ ಫೋನು ಇಟ್ಟುಕೊಳ್ಳಿ. ಮಳೆ ಬಿಟ್ಟ ಹೊಸತರಲ್ಲಿ ಓಟವಿದ್ದರೆ ಸ್ವಯಂಸೇವಕರಿಗೆ ಕುರ್ಚಿ ಕೊಡಿ, ಹುಲ್ಲಿನ ಮೇಲೆ ಕೂರಿಸಬೇಡಿ. ಆರು ಗಂಟೆ ಇಂಬಳ ಬಿಡಿಸುತ್ತ ಕೂತವರಿಂದ ನಂಬರ್ ತಪ್ಪದೆ ಇರುತ್ತದೆಯೇ?

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯ ತೋಟಗಳಲ್ಲಿ ಆನೆ ಓಡಾಟ ಇರುವುದು ಎಲ್ಲರಿಗೂ ಗೊತ್ತು. ಪೂರ್ತಿ ಬೆಳಕಾಗುವ ಮುಂಚೆ ಓಟ ಶುರುಮಾಡಬೇಡಿ, ಕತ್ತಲಾಗುವ ಮುಂಚೆ ಮುಗಿಯುವಂತೆ ಕಟ್-ಆಫ್ (ಅಷ್ಟರೊಳಗೆ ಬರದವರನ್ನು ನಿಲ್ಲಿಸುವ ಗಡುವು) ಇಡಿ. ಅರಣ್ಯ ಇಲಾಖೆ, ಪೊಲೀಸರು, ತೋಟದ ಮಾಲೀಕರ ಒಪ್ಪಿಗೆ ಲಿಖಿತವಾಗಿ ಕೈಯಲ್ಲಿರಲಿ.

ಸುದ್ದಿ ರವಾನೆಗೆ ಇಂಟರ್‌ನೆಟ್ ನಂಬಬೇಡಿ. ಡೇಟಾ ಹೋಗದ ಕಡೆಯೂ ಎಸ್ಸೆಮ್ಮೆಸ್ ಹೋಗುವುದುಂಟು. ಪ್ರತಿ 15 ನಿಮಿಷಕ್ಕೆ ಒಂದು ಸಂದೇಶ (ಚೆಪಾ ಎಂದರೆ ಚೆಕ್‌ಪಾಯಿಂಟ್): "ಚೆಪಾ 3, 9:15, ಒಟ್ಟು 41, ಬಿಟ್ಟವರು 2, ಕೊನೆಯ ನಂಬರ್ 159". ಈ ಹದಿನೈದು ನಿಮಿಷದಲ್ಲಿ ಬಂದವರು ಎಂದು ಬರೆದರೆ ಒಂದು ಸಂದೇಶ ತಪ್ಪಿದರೂ ಲೆಕ್ಕ ಕೆಡುತ್ತದೆ. ಮೊದಲಿನಿಂದ ಒಟ್ಟು ಎಷ್ಟು ಎಂದು ಬರೆದರೆ ಮುಂದಿನ ಸಂದೇಶವೇ ಸರಿಪಡಿಸುತ್ತದೆ. ಯಾರೂ ಬರದಿದ್ದರೂ ಸಂದೇಶ ಕಳಿಸಲೇಬೇಕು. ವಾಕಿಟಾಕಿ ಬೇಕಿದ್ದರೆ 446.0–446.2 ಮೆಗಾಹರ್ಟ್ಸ್‌ನ ಅರ್ಧ ವ್ಯಾಟಿನ ಸೆಟ್‌ಗೆ ಲೈಸೆನ್ಸ್ ಬೇಡ. ಆದರೆ ಅದು ಗುಡ್ಡ ದಾಟುವುದಿಲ್ಲ, ಏಣಿನ ಮೇಲೆ ಒಬ್ಬರು ನಿಂತು ಮಾತು ದಾಟಿಸಬೇಕಾಗುತ್ತದೆ.

ಆ್ಯಪ್‌ನ ವಿಷಯ ಚಿಕ್ಕದು. ಫೋನಿನೊಳಗೇ ಎಸ್‌ಕ್ಯುಲೈಟ್ ಎಂಬ ಚಿಕ್ಕ ಡೇಟಾಬೇಸ್, ಒಂದೇ ಕೋಷ್ಟಕ, ಸಾಲು ಸೇರಿಸಬಹುದು, ಅಳಿಸುವಂತಿಲ್ಲ. ತಪ್ಪಿದ್ದರೆ "ಆ ಸಾಲು ರದ್ದು" ಎಂಬ ಇನ್ನೊಂದು ಸಾಲು. ಪ್ರತಿ ಸಾಲಿಗೂ ಆ ಫೋನೇ ಕೊಟ್ಟ, ಮತ್ತೆಲ್ಲೂ ಬಾರದ ಗುರುತು ಇದ್ದರೆ, ಎಲ್ಲ ಫೋನಿನ ಫೈಲುಗಳನ್ನು ಒಟ್ಟುಗೂಡಿಸುವಾಗ ಅದೇ ಫೈಲನ್ನು ಮೂರು ಸಲ ಸೇರಿಸಿದರೂ ಎರಡು ಪಟ್ಟಾಗುವುದಿಲ್ಲ. ಹೋಗಿ ಅದೇ ದಾರಿಯಲ್ಲಿ ಮರಳುವ ಓಟವಾದರೆ ಒಂದೇ ನಂಬರ್ ಎರಡು ಸಲ ಬರುವುದು ಸರಿಯೇ. ಐದು ನಿಮಿಷದೊಳಗೆ ಮತ್ತೆ ಬಂದದ್ದನ್ನು ಮಾತ್ರ ಕೈ ತಪ್ಪು ಎಂದು ಬಿಡಿ.

ಹಾಗಾದರೆ ಚಿಪ್ ಯಾವಾಗ? ಊರೊಳಗಿನ ಹತ್ತು ಕಿಲೋಮೀಟರ್ ಓಟಕ್ಕೆ ಸಾವಿರ ಜನ ಬಂದು ನಿಮಿಷಕ್ಕೆ ನಲವತ್ತು ಜನ ಗೆರೆ ದಾಟುವಾಗ ಕಣ್ಣು, ಕೈ ಸಾಲುವುದಿಲ್ಲ. ಆಗ ಕಂಪನಿಯವರನ್ನೇ ಕರೆಸಿ. ಬಿಬ್ ಹಿಂದೆ ಅಂಟಿಸುವ ಚಿಪ್, ಅಂದರೆ ರೇಡಿಯೋ ತರಂಗದಿಂದ ಓದುವ ಆರ್‌ಎಫ್‌ಐಡಿ ಟ್ಯಾಗ್, ನಮ್ಮ ದೇಶದಲ್ಲಿ 865–868 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಮೈಯಲ್ಲಿರುವ ನೀರು ಆ ತರಂಗವನ್ನು ನುಂಗುತ್ತದೆ. ಟ್ಯಾಗ್ ಬೆನ್ನಿಗೆ ತೆಳು ಸ್ಪಂಜಿನ ಪಟ್ಟಿ ಇದೆಯೇ, ಎರಡನೆಯ ಆ್ಯಂಟೆನಾ ಸಾಲು ಇದೆಯೇ ಎಂದು ಕೇಳಿ. ಚಿಪ್ ತಪ್ಪಿಸಿಕೊಂಡವರನ್ನು ಆಮೇಲೆ ನೋಡಿಕೊಳ್ಳಲು ವಿಡಿಯೋ ಕ್ಯಾಮೆರಾ ಮಾತ್ರ ನಿಮ್ಮದೇ ಒಂದು ಇರಲಿ.

ಇದನ್ನೆಲ್ಲ ಒಂದು ಭಾನುವಾರ ಜಿಲ್ಲಾ ಆಟದ ಮೈದಾನದಲ್ಲಿ ಒಂದು ಗಂಟೆ ಆಡಿ ನೋಡಿ. ಇಪ್ಪತ್ತು ಬಿಬ್, ಮೂರು ಚೆಕ್‌ಪಾಯಿಂಟ್. ನಡುವೆ ಹೇಳದೆ ಕೇಳದೆ ಒಂದು ಫೋನು ಆಫ್ ಮಾಡಿ. ಇಬ್ಬರ ಬಿಬ್ ಅದಲುಬದಲು ಮಾಡಿಸಿ. ಒಬ್ಬರನ್ನು ಸದ್ದಿಲ್ಲದೆ ಕಾಫಿ ಕುಡಿಯಲು ಹೊರಗೆ ಕಳಿಸಿ, ಅವರು ಇಲ್ಲವೆಂದು ಮೇಜಿನವರಿಗೆ ಎಷ್ಟು ನಿಮಿಷದಲ್ಲಿ ಗೊತ್ತಾಗುತ್ತದೆ ನೋಡಿ. ಅರ್ಧ ಗಂಟೆ ದಾಟಿದರೆ ಇನ್ನೊಂದು ಭಾನುವಾರ ಬೇಕು.

ಫಲಿತಾಂಶಕ್ಕೆ ವಿಶ್ವ ಅಥ್ಲೆಟಿಕ್ಸ್‌ನ ರಸ್ತೆ ಓಟದ ಕ್ರಮವನ್ನೇ ಇಟ್ಟುಕೊಳ್ಳಿ: ಸಮಯ ಎಣಿಸುವುದು ಓಟ ಶುರುವಾದ ಗಳಿಗೆಯಿಂದ, ಸೆಕೆಂಡಿನ ಚೂರು ಉಳಿದರೆ ಮುಂದಿನ ಪೂರ್ಣ ಸೆಕೆಂಡಿಗೆ ಏರಿಸುವುದು. 5:42:17.3 ಬಂದರೆ 5:42:18. ಇದನ್ನು ಓಟದ ಹಿಂದಿನ ದಿನವೇ ಎಲ್ಲರಿಗೂ ಹೇಳಿಬಿಡಿ.

ಕೊನೆಯ ಓಟಗಾರರ ಹಿಂದೆ ನಡೆದು ಬರುವ ಸ್ವೀಪರ್‌ಗಳಿಗೂ ಬಿಬ್ ಕೊಟ್ಟು ಲೆಕ್ಕಕ್ಕೆ ಸೇರಿಸಿ. ಅವರೂ ಬಂದು, ದಾರಿಯಲ್ಲಿ ಉಳಿದವರು 0 ಎಂದು ಪರದೆ ತೋರಿಸಿ, ಹರಿದ ಬಿಬ್ ತುಂಡುಗಳ ಎಣಿಕೆ "ಬಿಟ್ಟವರು" ಪಟ್ಟಿಗೆ ತಾಳೆಯಾದ ಮೇಲಷ್ಟೇ ಚೆಕ್‌ಪಾಯಿಂಟ್‌ನವರಿಗೆ ಮೇಜು ಮಡಚಲು ಹೇಳಿ. ಸಮಯದ ಮೂಲ ಸಾಲುಗಳನ್ನು ಹಾಗೇ ಉಳಿಸಿಕೊಳ್ಳಿ. ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಇರುವ ಫೈಲನ್ನು ಆ ವಾರವೇ ಎಲ್ಲ ಫೋನಿನಿಂದಲೂ ಅಳಿಸಿ.