ಲಾಂಗೋಶ್‌ನೊಳಗೆ ಆಲೂಗಡ್ಡೆ ಪಲ್ಯ: ನಾಲ್ಕು ಶನಿವಾರಗಳ ದಾಖಲೆ

ಹಂಗೇರಿಯನ್ ಭಾಷೆಯಲ್ಲಿ ‘ಲಾಂಗ್’ ಎಂದರೆ ಉರಿ. ಮನೆಯಲ್ಲಿ ಬ್ರೆಡ್ ಸುಡುವ ದಿನ ಮಿಕ್ಕ ಹಿಟ್ಟಿನ ತುಂಡನ್ನು ಒಲೆಯ ಬಾಯಲ್ಲಿ, ಉರಿಯ ಎದುರಿಗೆ ಬೇಯಿಸಿಕೊಳ್ಳುತ್ತಿದ್ದುದರಿಂದ ಆ ತಿಂಡಿಗೆ ಲಾಂಗೋಶ್ ಎಂಬ ಹೆಸರು ಬಂದಿತು. ಈಗ ಅದನ್ನು ಎಣ್ಣೆಯಲ್ಲಿ ಕರಿದು, ಬೆಳ್ಳುಳ್ಳಿ ನೀರು ಸವರಿ, ತೆಯ್‌ಫೋಲ್ ಎಂಬ ಹುಳಿ ಕೆನೆಯನ್ನೂ ತುರಿದ ಚೀಸನ್ನೂ ಹರಡಿ ಕೊಡುತ್ತಾರೆ. ಬಾಲಟನ್ ಸರೋವರದ ದಂಡೆಯಲ್ಲಿ ಬೇಸಿಗೆಯಿಡೀ ಇದರದೇ ವಾಸನೆ. ಬುಡಾಪೆಸ್ಟ್‌ಗೆ ಬಂದ ಮೇಲೆ ಇದನ್ನು ತಿಂದಾಗಲೆಲ್ಲ ನಮ್ಮ ಆಲೂಗಡ್ಡೆ ಪಲ್ಯ ಇದಕ್ಕೆ ಹೊಂದಬೇಕು ಎನ್ನಿಸುತ್ತಿತ್ತು. ಪಲ್ಯವನ್ನು ಮೇಲೆ ಸುರಿದರೆ ಅದು ಬರೀ ಪೂರಿ–ಪಲ್ಯವಾಗುತ್ತದೆ. ಆದ್ದರಿಂದ ಒಳಗೇ ಸೇರಿಸಬೇಕೆಂದು ಹೊರಟೆ.

ಮೊದಲ ಶನಿವಾರ ಹೋಳಿಗೆಯ ಕ್ರಮವನ್ನು ಅನುಸರಿಸಿದೆ. ಅರ್ಧ ಕಿಲೋ ‘ಬಿಎಲ್ 55’ ಹಿಟ್ಟಿಗೆ (ಹಿಟ್ಟನ್ನು ಸುಟ್ಟಾಗ ಶೇ 0.55ರಷ್ಟು ಬೂದಿ ಉಳಿಯುತ್ತದೆ ಎಂಬುದು ಆ ಅಂಕಿಯ ಅರ್ಥ, ಕೈಗೆ ನಮ್ಮ ಮೈದಾದಂತೆಯೇ ಹತ್ತುತ್ತದೆ) 25 ಗ್ರಾಂ ಹಸಿ ಯೀಸ್ಟ್, ಉಪ್ಪು, ಚಿಟಿಕೆ ಸಕ್ಕರೆ, ಉಗುರುಬೆಚ್ಚಗಿನ ಹಾಲು ಹಾಕಿ ಕಲಸಿ, ಒಂದು ಗಂಟೆ ಉಬ್ಬಲು ಬಿಟ್ಟು, ಪಲ್ಯವನ್ನು ಹೂರಣದಂತೆ ಒಳಗಿಟ್ಟು ತಟ್ಟಿದೆ. ಕಣಕ ಮತ್ತು ಹೂರಣದ ಹದ ಒಂದೇ ಇರಬೇಕು ಎಂದು ಅಮ್ಮ ಹೇಳುತ್ತಿದ್ದುದು ನೆನಪಿತ್ತು, ಹದವೂ ಸರಿಯಿತ್ತು. ಆದರೆ ಯೀಸ್ಟ್ ಹಾಕಿದ ಹಿಟ್ಟು ಕಣಕದಂತೆ ಕೈಗೆ ಬಗ್ಗುವುದಿಲ್ಲ, ಎಳೆದಷ್ಟೂ ಹಿಂದಕ್ಕೆ ಕುಗ್ಗುತ್ತದೆ. 180 ಡಿಗ್ರಿ ಎಣ್ಣೆಗೆ ಬಿಟ್ಟ ಕೂಡಲೇ ಪಲ್ಯದ ಹಬೆಗೆ ಮೇಲ್ಪದರ ಪೂರಿಯಂತೆ ಎದ್ದು, ಪಲ್ಯವೆಲ್ಲ ತಳಕ್ಕೆ ಕುಸಿಯಿತು. ಒಂದನ್ನು ನಡುವೆ ಮುರಿದು ನೋಡಿದೆ: ಮೇಲೆ ಗರಿಗರಿ ಚಿಪ್ಪು, ಅದರ ಕೆಳಗೆ ಹೆಬ್ಬೆರಳು ಹಿಡಿಸುವಷ್ಟು ಟೊಳ್ಳು, ಅದರ ಕೆಳಗೆ ಪಲ್ಯ, ತಳದಲ್ಲಿ ಬೆರಳಿಗೆ ಅಂಟುವ ಹಸಿ ಹಿಟ್ಟು.

ಎರಡನೆಯ ಶನಿವಾರ ಉರಿ ತಗ್ಗಿಸಿ, ಕಚೋರಿಯಂತೆ 150 ಡಿಗ್ರಿಯಲ್ಲಿ ನಿಧಾನವಾಗಿ ಕರಿದೆ. ಒಳಗೇನೋ ಬೆಂದಿತು, ಆದರೆ ಪ್ರತಿಯೊಂದೂ ಹಿಂಡಿದರೆ ತೊಟ್ಟಿಕ್ಕುವಷ್ಟು ಎಣ್ಣೆ ಕುಡಿದಿತ್ತು. ಕಚೋರಿ ಮತ್ತು ಸಮೋಸಾಗಳ ಹಿಟ್ಟಿಗೆ ತುಪ್ಪವನ್ನೋ ಎಣ್ಣೆಯನ್ನೋ ಮೊದಲೇ ತಿಕ್ಕಿರುತ್ತಾರೆ, ಹುದುಗು ಹಾಕುವುದಿಲ್ಲ. ಆದ್ದರಿಂದ ಅವು ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಗರಿಯಾಗುತ್ತವೆ. ಲಾಂಗೋಶ್ ಹಿಟ್ಟು ರಂಧ್ರರಂಧ್ರವಾದದ್ದು, ಜೋರು ಕಾವಿನಲ್ಲಿ ಹೊರಪದರ ಬೇಗ ಗಟ್ಟಿಯಾದರಷ್ಟೇ ಹಗುರವಾಗಿ ಉಳಿಯುತ್ತದೆ. ಎರಡಕ್ಕೂ ಒಪ್ಪುವ ನಡುವಿನ ಉರಿಯನ್ನು ಹುಡುಕುವುದು ವ್ಯರ್ಥವೆಂದು ಅಂದೇ ಬರೆದಿಟ್ಟೆ.

ದಾರಿ ಇಲ್ಲಿಯವರ ಅಡುಗೆಯಲ್ಲೇ ಇತ್ತು. ಬೇಯಿಸಿದ ಆಲೂಗಡ್ಡೆಯನ್ನು ಹಿಟ್ಟಿಗೇ ಸೇರಿಸಿ ನಾದುವ ‘ಕ್ರುಂಪ್ಲಿಶ್ ಲಾಂಗೋಶ್’ ಇಲ್ಲಿ ಹಳೆಯದು. ಹಾಗಾದರೆ ಹೂರಣವನ್ನು ತುಂಬುವ ಗೊಡವೆ ಏಕೆ? ಮೂರನೆಯ ಶನಿವಾರ 200 ಗ್ರಾಂ ಆಲೂಗಡ್ಡೆಯನ್ನು ಗಂಟಿಲ್ಲದಂತೆ ಹಿಸುಕಿ, ಸಾಸಿವೆ, ಕಡಲೆಬೇಳೆ, ಕರಿಬೇವು, ಹಸಿಮೆಣಸಿನಕಾಯಿ, ಶುಂಠಿ, ಅರಿಶಿನದ ಒಗ್ಗರಣೆ ಕೊಟ್ಟು, ಪೂರ್ತಿ ಆರಿಸಿ (ಬಿಸಿಯಾಗಿ ಸೇರಿಸಿದರೆ ಯೀಸ್ಟ್ ಸಾಯುತ್ತದೆ) ಅರ್ಧ ಕಿಲೋ ಹಿಟ್ಟಿನಲ್ಲಿ ನಾದಿದೆ. ಆಲೂಗಡ್ಡೆಯಲ್ಲೇ ನೀರಿರುವುದರಿಂದ ಹಾಲನ್ನು ಅಳೆದು ಸುರಿಯದೆ, ಹಿಟ್ಟು ಕೈಯಿಂದ ಬಿಡುವಷ್ಟೇ ಸೇರಿಸಬೇಕಾಯಿತು. ಎಣ್ಣೆ ಸವರಿದ ಕೈಯಲ್ಲಿ ನಡುವೆ ತೆಳ್ಳಗೆ, ಅಂಚಿಗೆ ದಪ್ಪಗೆ ಎಳೆದು 180 ಡಿಗ್ರಿಯಲ್ಲಿ ಕರಿದಾಗ ಅಂಚು ಮೃದುವಾಗಿ, ನಡುಭಾಗ ಗರಿಗರಿಯಾಗಿ, ಅಲ್ಲಲ್ಲಿ ಕರಿಬೇವಿನ ಹಸಿರು ಚೂರುಗಳು ಕಾಣುವಂತೆ ಬಂದವು. ಒಗ್ಗರಣೆಯ ಕಡಲೆಬೇಳೆ ಮಾತ್ರ ಹಿಟ್ಟಿನ ತೇವಕ್ಕೆ ಮೆತ್ತಗಾಗಿ ರಬ್ಬರಿನಂತಿತ್ತು. ಇನ್ನು ಮುಂದೆ ಅದು ಬೇಡ.

ನಾಲ್ಕನೆಯ ಶನಿವಾರದ ಕೆಲಸ ಮೇಲ್ಭಾಗದ್ದು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೂ ಹಂಗೇರಿಯ ಸೆಗೆಡ್ ಮತ್ತು ಕಲೋಚ ಊರುಗಳ ಕಡೆಯ ಸಿಹಿ ಪಾಪ್ರಿಕಾ ಪುಡಿಗೂ ಗುಣ ಹತ್ತಿರದ್ದು: ಬಣ್ಣ ಹೆಚ್ಚು, ಖಾರ ಕಡಿಮೆ. ಕಾದ ಎಣ್ಣೆಯಲ್ಲಿ ಜೀರಿಗೆ ಸಿಡಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಎರಡೂ ಪುಡಿಗಳನ್ನು ಹಾಕಿದೆ. ಉರಿಯ ಮೇಲಿದ್ದಾಗ ಹಾಕಿದರೆ ಕ್ಷಣದಲ್ಲಿ ಸೀದು ಕಹಿಯಾಗುತ್ತವೆ. ಬೆಳ್ಳುಳ್ಳಿ ನೀರನ್ನು ಬಿಡೋಣವೆಂದುಕೊಂಡಿದ್ದೆ. ರುಚಿ ನೋಡಲು ಬಂದ ಪಕ್ಕದ ಮನೆಯ ನೇನಿ (ಹಿರಿಯ ಹೆಂಗಸರನ್ನು ಇಲ್ಲಿ ಹೀಗೆ ಕರೆಯುತ್ತಾರೆ) ಬೆಳ್ಳುಳ್ಳಿ ಇಲ್ಲದ್ದನ್ನು ಲಾಂಗೋಶ್ ಎಂದು ಕರೆಯಬೇಡ ಎಂದು ಗದರಿ, ತಾವೇ ನಾಲ್ಕು ಎಸಳು ಜಜ್ಜಿ ಉಪ್ಪುನೀರಿನಲ್ಲಿ ಕಲಸಿಕೊಟ್ಟರು. ಅದನ್ನು ಸವರಿ, ಮೇಲೆ ತೆಯ್‌ಫೋಲ್ ಹರಡಿ, ಆ ಕೆಂಪು ಎಣ್ಣೆಯನ್ನು ಎರಡು ಚಮಚ ಬಿಟ್ಟೆ. ಚೀಸ್ ಹಾಕಲಿಲ್ಲ, ಅದು ಒಗ್ಗರಣೆಯ ಪರಿಮಳವನ್ನು ಮುಚ್ಚುತ್ತದೆ. ನೇನಿ ತಮ್ಮ ಪಾಲಿಗೆ ಚೀಸನ್ನು ಮನೆಯಿಂದಲೇ ತಂದುಕೊಂಡರು.